ಮೆಟ್ಟಿಲೇರಿದ ಪಿಯಾನೊ: ಪೆದ್ದರ ಕಥೆಯ ಒಂದು ವಾಕ್ಚಿತ್ರ ರೂಪ

೧. ಪ್ರವೇಶ

ಜನಪದ ಕಥೆಯ ಬದುಕು ಹಳ್ಳಿಯ ಜಗಲಿಗೆ ಮಾತ್ರ ಸೀಮಿತವಾದುದು, ಅಚ್ಚಿನ ಮನೆ ಮತ್ತು ಚಿತ್ರಮಂದಿರಗಳು ಬಂದೊಡನೆ ಅದರ ಆಯುಷ್ಯ ಮುಗಿಯಿತು ಎಂಬ ಭಾವನೆ ನಮ್ಮ ಅಧ್ಯಯನದಲ್ಲಿ ಬಹುಕಾಲ ಬೇರೂರಿತ್ತು. ಈ ಭಾವನೆಯಿಂದಾಗಿ ಚಲನಚಿತ್ರವನ್ನು ಜಾನಪದದ ಪ್ರತಿಸ್ಪರ್ಧಿಯೆಂದು ಕಂಡೆವೇ ಹೊರತು ಕಥೆಯೊಂದು ತಂಗಬಹುದಾದ ಮತ್ತೊಂದು ತಾಣವೆಂದು ಕಾಣಲಿಲ್ಲ. ಕಥೆಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಸಂಖ್ಯೆ ನೀಡುವ ಕಾರ್ಯದಲ್ಲಿ ನಾವು ಸಾಕಷ್ಟು ಮುಂದುವರಿದಿದ್ದೇವೆ. ಆದರೆ ಸಂಖ್ಯೆ ಪಡೆದ ಕಥೆಯಲ್ಲಿ ಏನು ಉಳಿಯಿತು, ಏನು ಉದುರಿಹೋಯಿತು ಎಂಬ ಪ್ರಶ್ನೆಯನ್ನು ಅಷ್ಟಾಗಿ ಕೇಳಿಕೊಂಡಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಅಮೆರಿಕದ ಒಂದು ಹಾಸ್ಯ ಕಿರುಚಿತ್ರದ ಮೂಲಕ ಎತ್ತಿಕೊಳ್ಳಲಾಗಿದೆ. ಸ್ಟ್ಯಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ನಟಿಸಿದ, ೧೯೩೨ರಲ್ಲಿ ಬಿಡುಗಡೆಯಾದ ‘ದ ಮ್ಯೂಸಿಕ್ ಬಾಕ್ಸ್’ ಆ ಚಿತ್ರ. ಇದನ್ನು ಆಯ್ದುಕೊಳ್ಳಲು ಕಾರಣ, ಇದರ ನಡುಮಧ್ಯದಲ್ಲಿರುವ ಘಟನೆಯು ಮೂರು ಶತಮಾನಗಳಿಗೂ ಹಿಂದೆ ಜರ್ಮನ್ ಭಾಷೆಯಲ್ಲಿ ಅಚ್ಚಾದ ಒಂದು ಪೆದ್ದರ ಕಥೆಯ ತಿರುಗುಮುರುಗಾದ ರೂಪವಾಗಿದೆ. ಕಥಾವರ್ಗ ಸೂಚಿಯು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ಆಶಯವನ್ನು ಈ ಚಿತ್ರವು ಹೊರೆ, ಸದ್ದು, ಕಾಲಗಳ ಸಮೇತ ಕಣ್ಣೆದುರು ನಿಲ್ಲಿಸುತ್ತದೆ. ಪೆದ್ದತನವೆಂದರೇನು ಎಂಬ ಬಗ್ಗೆ ಜಾನಪದ ವಿದ್ವಾಂಸರು ತಮ್ಮ ನಿಲುವನ್ನು ಮರುಪರಿಶೀಲಿಸಿಕೊಳ್ಳಲು ಇದು ಅವಕಾಶ ನೀಡುತ್ತದೆ.

೨. ಚಿತ್ರದ ಹಿನ್ನೆಲೆ

ಲಾರೆಲ್ ೧೮೯೦ರಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಊರಿನಲ್ಲಿ ಜನಿಸಿದವನು. ಆತನ ಮೂಲ ಹೆಸರು ಆರ್ಥರ್ ಸ್ಟ್ಯಾನ್ಲಿ ಜೆಫರ್ಸನ್. ಇಂಗ್ಲೆಂಡಿನ ಜನಪ್ರಿಯ ರಂಗಭೂಮಿಯಾದ ಮ್ಯೂಸಿಕ್ ಹಾಲ್‌ನಲ್ಲಿ ಪಳಗಿ, ಫ್ರೆಡ್ ಕಾರ್ನೊ ಎಂಬಾತನ ಕಂಪನಿಯೊಡನೆ ೧೯೧೦ರಲ್ಲಿ ಅಮೆರಿಕಕ್ಕೆ ಬಂದನು. ಅದೇ ತಂಡದಲ್ಲಿ ಚಾರ್ಲಿ ಚಾಪ್ಲಿನ್ ಕೂಡ ಇದ್ದನೆಂಬುದು ಪ್ರಸಿದ್ಧ ಸಂಗತಿ. ಹಾರ್ಡಿ ೧೮೯೨ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ಹಾರ್ಲೆಮ್‌ನಲ್ಲಿ ಹುಟ್ಟಿದವನು. ಹಾಲ್ ರೋಚ್ ಎಂಬ ನಿರ್ಮಾಪಕನ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಇವರಿಬ್ಬರೂ ೧೯೨೭ರಿಂದ ಜೋಡಿಯಾಗಿ ರೂಪುಗೊಂಡರು. ೧೯೨೯ರಲ್ಲಿ ಇವರ ಮೊದಲ ಮಾತಿನ ಕಿರುಚಿತ್ರ ಹೊರಬಂದಿತು. ಮೂಕಿಚಿತ್ರದ ಅನೇಕ ಹಾಸ್ಯನಟರು ವಾಕ್ಚಿತ್ರದ ಕಾಲದಲ್ಲಿ ಕಳೆಗುಂದಿದರೂ ಈ ಜೋಡಿ ಮತ್ತಷ್ಟು ಬೆಳೆಯಿತು.

ಆರಂಭದ ವಾಕ್ಚಿತ್ರಗಳಿಗೆ ಭಾಷೆಯೇ ದೊಡ್ಡ ತೊಡಕಾಗಿತ್ತು. ಮೂಕಿಚಿತ್ರವನ್ನು ಶೀರ್ಷಿಕೆಗಳನ್ನು ಬದಲಿಸಿ ಯಾವ ದೇಶಕ್ಕಾದರೂ ಕಳುಹಿಸಬಹುದಿತ್ತು. ಮಾತು ಬಂದೊಡನೆ ಆ ಸೌಕರ್ಯ ತಪ್ಪಿತು. ಆದಕಾರಣ ರೋಚ್ ಸ್ಟುಡಿಯೋದಲ್ಲಿ ಕೆಲಕಾಲ ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮುಂತಾದ ಭಾಷೆಗಳಲ್ಲಿ ಮರಳಿ ಚಿತ್ರಿಸಲಾಯಿತು. ನಟರು ಅರ್ಥ ತಿಳಿಯದ ಮಾತುಗಳನ್ನು ಉಚ್ಚಾರಣೆಯ ಪ್ರಕಾರ ಬರೆದಿಟ್ಟುಕೊಂಡು ಓದಿ ಹೇಳುತ್ತಿದ್ದರು. ಈ ಹಿನ್ನೆಲೆಯಲ್ಲಿ ‘ದ ಮ್ಯೂಸಿಕ್ ಬಾಕ್ಸ್’ ಮಾತನ್ನು ಎಷ್ಟು ಮಿತವಾಗಿ ಬಳಸಿ, ಸದ್ದನ್ನು ಎಷ್ಟು ಧಾರಾಳವಾಗಿ ದುಡಿಸಿಕೊಂಡಿತು ಎಂಬುದು ಗಮನಾರ್ಹ.

ಚಿತ್ರದ ನಿರ್ದೇಶಕ ಜೇಮ್ಸ್ ಪ್ಯಾರಟ್. ಸಂಭಾಷಣೆ ಎಚ್. ಎಂ. ವಾಕರ್ ಅವರದು. ಎರಡು ರೀಲುಗಳ ಕಿರುಚಿತ್ರವೇ ರೂಢಿಯಾಗಿದ್ದ ಆ ದಿನಗಳಲ್ಲಿ ಇದು ಮೂರು ರೀಲುಗಳಿಗೆ ವಿಸ್ತರಿಸಿ ಸುಮಾರು ಅರ್ಧ ಗಂಟೆಯಷ್ಟು ನಡೆಯುತ್ತದೆ. ಹಾಸ್ಯ ಕಿರುಚಿತ್ರಕ್ಕೆಂದು ಅಮೆರಿಕದ ಚಲನಚಿತ್ರ ಅಕಾಡೆಮಿಯು ಮೊದಲ ಬಾರಿಗೆ ಪ್ರಶಸ್ತಿ ನೀಡಿದಾಗ ಅದು ಈ ಚಿತ್ರಕ್ಕೇ ಸಂದಿತು. ೧೯೯೭ರಲ್ಲಿ ಇದನ್ನು ಅಲ್ಲಿನ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಸೇರಿಸಲಾಯಿತು.

೩. ಕಥಾಸಾರ

ಗೃಹಿಣಿಯೊಬ್ಬಳು ಗಂಡನ ಹುಟ್ಟುಹಬ್ಬಕ್ಕೆಂದು, ಅವನಿಗೆ ತಿಳಿಸದೆ, ತಾನೇ ತಾನಾಗಿ ನುಡಿಯುವ ಯಾಂತ್ರಿಕ ಪಿಯಾನೊವೊಂದನ್ನು ಕೊಳ್ಳುತ್ತಾಳೆ. ಅದನ್ನು ಮನೆಗೆ ಮುಟ್ಟಿಸುವ ಕೆಲಸ ಲಾರೆಲ್-ಹಾರ್ಡಿಯರ ಸಾಗಾಣಿಕೆ ಕಂಪನಿಗೆ ಬರುತ್ತದೆ. ಇವರ ಬಂಡವಾಳ ಮೂರು ಡಾಲರು ಎಂಬತ್ತು ಸೆಂಟು, ವಾಹನ ಒಂದು ಕುದುರೆಗಾಡಿ. ಗಾಡಿಯ ಫಲಕದಲ್ಲಿ ಕಂಪನಿಯು ೧೯೩೧ರಲ್ಲಿ ‘ಸ್ಥಾಪಿತ’ ಎಂದಿರಬೇಕಾದ ಕಡೆ, ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರ ಹೆಚ್ಚಾಗಿ, ‘ಮುಳುಗಿತು’ ಎಂಬ ಅರ್ಥ ಬರುವ ಪದವಿದೆ. ೧೯೨೯ರ ಷೇರುಪೇಟೆಯ ಕುಸಿತದ ನಂತರ ಕೆಲಸವಿಲ್ಲದೆ ಅಲೆಯುತ್ತಿದ್ದ ಜನಕ್ಕೆ ಈ ಫಲಕದ ವ್ಯಂಗ್ಯ ನೇರವಾಗಿ ಮುಟ್ಟಿರಬೇಕು.

ವಿಳಾಸ ಕೇಳಿದಾಗ ಅಂಚೆಯವನು ಕಡಿದಾದ ಮೆಟ್ಟಿಲ ಸಾಲಿನ ತುದಿಯ ಮನೆಯನ್ನು ತೋರಿಸುತ್ತಾನೆ. ಇಬ್ಬರೂ ಪೆಟ್ಟಿಗೆಯಲ್ಲಿಟ್ಟ ಪಿಯಾನೊವನ್ನು ಹೊತ್ತು ಏರತೊಡಗುತ್ತಾರೆ. ಮಗುವಿನ ತಳ್ಳುಗಾಡಿಯೊಡನೆ ಇಳಿದುಬರುವ ದಾದಿಗೆ ದಾರಿ ಬಿಡಲು ಹೋಗಿ ಪಿಯಾನೊ ಕೆಳಗೆ ಜಾರುತ್ತದೆ. ಆಕೆಯ ದೂರಿನ ಮೇಲೆ ಪೊಲೀಸಿನವನು ಕೆಳಗಿನಿಂದ ಕರೆದಾಗ ಪಿಯಾನೊ ಮತ್ತೆ ಇಳಿಯುತ್ತದೆ. ಮೂರನೆಯದಾಗಿ ಹೆಸರಿನ ಹಿಂದೆ ಪದವಿಗಳ ಮಾಲೆಯನ್ನೇ ಹೊತ್ತ ಪ್ರೊಫೆಸರ್ ಥಿಯೋಡರ್ ಫಾನ್ ಶ್ವಾರ್ಟ್ಸೆನ್‌ಹೋಫೆನ್ ಎದುರಾಗುತ್ತಾನೆ. ಬಳಸಿಕೊಂಡು ಹೋಗಿ ಎಂಬ ಸಲಹೆಯಿಂದ ಅವನು ಕೆರಳುತ್ತಾನೆ. ಅವನ ಟೋಪಿ ಬೀದಿಗೆ ಬಿದ್ದು ವಾಹನದ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ.

ಅಂತೂ ಪಿಯಾನೊ ಮೇಲೆ ತಲುಪುತ್ತದೆ. ಆಗ ಅದೇ ಅಂಚೆಯವನು ಬಂದು, ಗುಡ್ಡವನ್ನು ಸುತ್ತಿ ಬರುವ ಗಾಡಿಯ ರಸ್ತೆಯೊಂದಿದೆ, ಇದನ್ನು ಹೊರುವ ಅಗತ್ಯವೇ ಇರಲಿಲ್ಲ ಎಂದು ತಿಳಿಸುತ್ತಾನೆ. ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಪರಿತಪಿಸಿದ ಇಬ್ಬರೂ ಪಿಯಾನೊವನ್ನು ಮೆಟ್ಟಿಲಿನ ಮೂಲಕ ಕೆಳಕ್ಕೆ ಹೊತ್ತೊಯ್ದು, ಗಾಡಿಗೇರಿಸಿ, ರಸ್ತೆಯ ಮೂಲಕ ಮತ್ತೆ ಅದೇ ಸ್ಥಳಕ್ಕೆ ತರುತ್ತಾರೆ.

ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ರಾಟೆ-ಹಗ್ಗಗಳಿಂದ ಪಿಯಾನೊವನ್ನು ಮಹಡಿಯ ಕಿಟಕಿಗೆ ಏರಿಸುವುದು, ಕೊಳದಲ್ಲಿ ಬೀಳುವುದು, ಮನೆಯ ಒಳಾಂಗಣವನ್ನು ಹಾಳುಗೆಡಹುವುದು ಮುಂದಿನ ಭಾಗ. ಕೊನೆಗೆ ಪಿಯಾನೊ ನುಡಿಯುತ್ತದೆ. ಅದರ ದೇಶಭಕ್ತಿಯ ಧಾಟಿಗಳಿಗೆ ಕುಣಿಯುತ್ತ ಇಬ್ಬರೂ ಕಸ ಗುಡಿಸುತ್ತಿರುವಾಗ ಮನೆಯ ಯಜಮಾನ ಬರುತ್ತಾನೆ. ಅವನು ಬೇರೆ ಯಾರೂ ಅಲ್ಲ, ಮೆಟ್ಟಿಲ ಮೇಲೆ ಎದುರಾದ ಪ್ರೊಫೆಸರನೇ. ಪಿಯಾನೊ ಎಂದರೆ ಅವನಿಗೆ ಆಗದು. ಕೊಡಲಿ ಹಿಡಿದು ಅದನ್ನು ಕಡಿದುಹಾಕುತ್ತಾನೆ. ಹೆಂಡತಿ ಬಂದು ಅದು ಅವನಿಗಾಗಿಯೇ ತಂದ ಉಡುಗೊರೆ ಎಂದಾಗ ನಾಚಿ ಮೆತ್ತಗಾಗುತ್ತಾನೆ. ಆದರೆ ರಸೀದಿಗೆ ಸಹಿ ಹಾಕುವಾಗ ಪೆನ್ನಿನ ಶಾಯಿ ಅವನ ಮುಖಕ್ಕೆ ಚಿಮ್ಮಿ, ಇಬ್ಬರೂ ಓಡಬೇಕಾಗುತ್ತದೆ.

೪. ಕಥಾವರ್ಗ ೧೨೪೩

ಆಂಟಿ ಆರ್ನೆ ಆರಂಭಿಸಿ, ಸ್ಟಿತ್ ಥಾಮ್ಸನ್ ವಿಸ್ತರಿಸಿ, ೨೦೦೪ರಲ್ಲಿ ಹಾನ್ಸ್ ಯೋರ್ಗ್ ಉಥರ್ ಪರಿಷ್ಕರಿಸಿದ ಅಂತಾರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ ೧೨೦೦ರಿಂದ ೧೩೪೯ರವರೆಗಿನ ಸಂಖ್ಯೆಗಳು ಪೆದ್ದರ ಕಥೆಗಳಿಗೆ ಮೀಸಲು. ಅಲ್ಲಿ ೧೨೪೩ನೆಯ ವರ್ಗ ಗುಡ್ಡದಿಂದ ಮರವನ್ನು ಇಳಿಸುವವರ ಕಥೆ. ಥಾಮ್ಸನ್‌ನ ಆಶಯ ಸೂಚಿಯಲ್ಲಿ ಇದರ ಆಶಯವು ಜೆ ೨೧೬೫ ಎಂಬ ಸಂಖ್ಯೆಯಡಿ ಬರುತ್ತದೆ. ಊರಿನ ಜನ ಕಷ್ಟಪಟ್ಟು ಮರದ ದಿಮ್ಮಿಗಳನ್ನು ಗುಡ್ಡದಿಂದ ಹೊತ್ತು ಇಳಿಸುತ್ತಾರೆ. ಅಷ್ಟರಲ್ಲಿ ಒಂದು ದಿಮ್ಮಿ ಕೈತಪ್ಪಿ ತಾನಾಗಿಯೇ ಉರುಳಿ ಕೆಳಗೆ ಬರುತ್ತದೆ. ಇಷ್ಟು ಸುಲಭವೇ ಎಂದು ಬೆರಗಾದ ಅವರು ಈಗಾಗಲೇ ಇಳಿಸಿದ್ದ ದಿಮ್ಮಿಗಳನ್ನೆಲ್ಲ ಮತ್ತೆ ಗುಡ್ಡಕ್ಕೆ ಹೊತ್ತು ಅಲ್ಲಿಂದ ಉರುಳಿಸುತ್ತಾರೆ. ೧೫೯೭ರ ‘ಲಾಲೆಬುಖ್’ ಮತ್ತು ಅದರ ಬೆನ್ನಿಗೇ ೧೫೯೮ರಲ್ಲಿ ಬಂದ ‘ಶಿಲ್ಡ್‌ಬ್ಯುರ್ಗರ್’ ಎಂಬ ಜರ್ಮನ್ ಸಂಕಲನಗಳಲ್ಲಿ ಈ ಕಥೆಯಿದೆ.

ಚಿತ್ರದ ಘಟನೆ ಇದರ ತದ್ವಿರುದ್ಧ ದಿಕ್ಕಿನದು. ಜರ್ಮನ್ ಕಥೆಯಲ್ಲಿ ಇಳಿಸಿದ್ದನ್ನು ಮತ್ತೆ ಏರಿಸುತ್ತಾರೆ. ಇಲ್ಲಿ ಏರಿಸಿದ್ದನ್ನು ಮತ್ತೆ ಇಳಿಸುತ್ತಾರೆ. ದಿಕ್ಕು ಬೇರೆಯಾದರೂ ಕಥೆಯ ತರ್ಕ ಒಂದೇ. ಚಿತ್ರವು ಜರ್ಮನ್ ಸಂಕಲನದಿಂದ ನೇರವಾಗಿ ಎರವಲು ಪಡೆಯಿತೆಂಬುದು ಇಲ್ಲಿಯ ವಾದವಲ್ಲ. ಮೌಖಿಕ ಪರಂಪರೆಯ ಹಾಸ್ಯ, ಮ್ಯೂಸಿಕ್ ಹಾಲ್‌ನ ಪ್ರಹಸನ, ಮೂಕಿಚಿತ್ರದ ಅಂಗಚೇಷ್ಟೆ ಇವುಗಳ ನಡುವೆ ಗೋಡೆಗಳಿರಲಿಲ್ಲ ಎಂಬುದನ್ನು ನೆನೆದರೆ ಸಾಕು.

ಪೆದ್ದರ ಕಥೆಗಳು ಭಾರತಕ್ಕೂ ಹೊಸತಲ್ಲ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಮುಗ್ಧರ ಕಥೆಗಳ ಗುಚ್ಛವೇ ಇದೆ. ಹೊಳೆ ದಾಟಿದ ಮೇಲೆ ತನ್ನನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬ ಕಡಿಮೆಯಾದನೆಂದು ಗೋಳಾಡುವ ಶಿಷ್ಯರ ಕಥೆ ಕನ್ನಡದಲ್ಲಿಯೂ ಪರಿಚಿತ. ಅದು ಅಂತಾರಾಷ್ಟ್ರೀಯ ಸೂಚಿಯ ೧೨೮೭ನೆಯ ವರ್ಗ.

೫. ಪೆದ್ದತನದ ಸ್ವರೂಪ

ಸಾಮಾನ್ಯವಾಗಿ ಪೆದ್ದರನ್ನು ಅರಿವಿಲ್ಲದವರೆಂದು ವ್ಯಾಖ್ಯಾನಿಸುವುದುಂಟು. ೧೨೪೩ನೆಯ ವರ್ಗಕ್ಕೆ ಈ ವ್ಯಾಖ್ಯಾನ ಹೊಂದುವುದಿಲ್ಲ. ದಿಮ್ಮಿ ಉರುಳುತ್ತದೆ ಎಂಬುದು ನಿಜವಾದ ಅರಿವು. ಗುಡ್ಡಕ್ಕೆ ರಸ್ತೆಯಿದೆ ಎಂಬುದೂ ನಿಜವಾದ ಅರಿವು. ಎರಡು ಕಡೆಯೂ ಜನರು ಹೊಸ ತಿಳಿವಳಿಕೆಯನ್ನು ಕೂಡಲೇ ಒಪ್ಪುತ್ತಾರೆ, ಸೋಮಾರಿತನವಿಲ್ಲದೆ ಅದರಂತೆ ನಡೆಯುತ್ತಾರೆ. ಅವರ ದೋಷ ಇಷ್ಟೇ: ಆ ಅರಿವಿನ ಕಾಲ ಮುಗಿದಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆ ಈ ಸ್ಥಿತಿಯನ್ನೇ ಕುರಿತದ್ದು. ಜಾಣನು ತಡವಾಗಿ ಬಂದ ಬುದ್ಧಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಾನೆ. ಪೆದ್ದನು ಅದಕ್ಕೆ ತಕ್ಕಂತೆ ಕಳೆದುಹೋದ ಕೆಲಸವನ್ನೇ ತಿದ್ದಲು ಹೊರಡುತ್ತಾನೆ. ಉರಿಯುವ ಒಲೆ ವ್ಯರ್ಥವಾಗಬಾರದೆಂದು ಅಟ್ಟದ್ದನ್ನು ಮತ್ತೆ ಅಡುತ್ತಾನೆ ಎಂದು ಗಾದೆಯನ್ನು ಮುಂದುವರಿಸಬಹುದು.

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ ೧೯೦೯ರಲ್ಲಿ ಪ್ರತಿಪಾದಿಸಿದ ಜನಪದ ಕಥನದ ನಿಯಮಗಳು ಈ ಚಿತ್ರಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ಇಲ್ಲಿ ನೋಡಬಹುದು. ವೈದೃಶ್ಯ ನಿಯಮಕ್ಕೆ ದಪ್ಪ-ತೆಳು ಜೋಡಿಯೇ ಸಾಕ್ಷಿ. ಪುನರಾವರ್ತನೆಯ ನಿಯಮಕ್ಕೆ ಮತ್ತೆ ಮತ್ತೆ ಜಾರುವ ಪಿಯಾನೊ ಇದೆ. ಮೂರರ ನಿಯಮವಂತೂ ಸ್ಪಷ್ಟವಾಗಿದೆ: ದಾದಿ, ಪೊಲೀಸು, ಪ್ರೊಫೆಸರ್ ಎಂಬ ಮೂವರು ಅನುಕ್ರಮವಾಗಿ ಅಡ್ಡಬರುತ್ತಾರೆ, ಒಬ್ಬರಿಗಿಂತ ಒಬ್ಬರು ಅಂತಸ್ತಿನಲ್ಲಿ ಮೇಲೆ. ಈ ಮೂವರ ನಂತರ ಬರುವ ಅಂಚೆಯವನ ಪಾತ್ರ ವಿಶೇಷವಾದುದು. ಮೂವರು ವಿರೋಧಿಗಳಿಂದಲೂ ಪಿಯಾನೊ ಮೇಲೇರುವುದು ತಪ್ಪಲಿಲ್ಲ. ಅದನ್ನು ಪೂರ್ತಿಯಾಗಿ ಕೆಳಗಿಳಿಸಿದ್ದು ನಾಲ್ಕನೆಯವನ ಸದ್ಭಾವನೆಯ ಸಲಹೆ. ಅದ್ಭುತ ಕಥೆಗಳಲ್ಲಿ ನಾಯಕನನ್ನು ಗುರಿಮುಟ್ಟಿಸುವ ಸಹಾಯಕನು ಪೆದ್ದರ ಕಥೆಯಲ್ಲಿ ಗುರಿ ಮುಟ್ಟಿದವನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಸಹಾಯಕ ಬದಲಾಗಿಲ್ಲ, ಅವನು ಬರುವ ಹೊತ್ತು ಮಾತ್ರ ಬದಲಾಗಿದೆ.

೬. ಸೂಚಿ ಹೇಳದ ಎರಡು ಸಂಗತಿಗಳು

ಆಶಯ ಸೂಚಿಯನ್ನು ಓದಿ ಯಾರೂ ನಕ್ಕದ್ದಿಲ್ಲ. ಅಲ್ಲಿ ಇರುವುದು ಘಟನೆಯ ಎಲುಬು ಮಾತ್ರ. ೧೨೪೩ನೆಯ ವರ್ಗದ ನಗೆ ಹುಟ್ಟುವುದು ಹೊರೆಯ ಭಾರದಿಂದ, ಮತ್ತು ಅದನ್ನು ಹೊರಲು ಹಿಡಿದ ಕಾಲದಿಂದ. ಎಣಿಕೆಯ ಕಥೆಯನ್ನು ಹೇಳುವ ನಮ್ಮ ವಕ್ತೃಗಳು ‘ಎಲ್ಲರೂ ಎಣಿಸಿದರು’ ಎಂದು ಒಂದು ಮಾತಿನಲ್ಲಿ ಮುಗಿಸುವುದಿಲ್ಲ. ಪ್ರತಿಯೊಬ್ಬ ಶಿಷ್ಯನ ಸರದಿ ಬಂದಾಗಲೂ ಬೆರಳು ಮಡಚಿ ಒಂದರಿಂದ ಮತ್ತೆ ಎಣಿಸುತ್ತಾರೆ. ಕೇಳುವವರಿಗೆ ಫಲಿತಾಂಶ ಮೊದಲೇ ಗೊತ್ತು. ಗೊತ್ತಿದ್ದೂ ಕಾಯುವುದರಲ್ಲಿಯೇ ನಗೆ ಇದೆ. ಕ್ಷೇತ್ರಕಾರ್ಯದಲ್ಲಿ ಕಥೆಯನ್ನು ಬರೆದುಕೊಳ್ಳುವಾಗ ಈ ಎಣಿಕೆಗಳನ್ನು ‘ಇತ್ಯಾದಿ’ ಎಂದು ಕೈಬಿಟ್ಟವರಲ್ಲಿ ಈ ಲೇಖಕನೂ ಒಬ್ಬ. ಹಾಗೆ ಬರೆದಿಟ್ಟ ಕಥೆಯನ್ನು ವರ್ಷಗಳ ಬಳಿಕ ಓದಿದಾಗ ಕಥೆ ಇತ್ತು, ನಗೆ ಇರಲಿಲ್ಲ.

‘ದ ಮ್ಯೂಸಿಕ್ ಬಾಕ್ಸ್’ ಏನನ್ನೂ ‘ಇತ್ಯಾದಿ’ ಎಂದು ಬಿಡುವುದಿಲ್ಲ. ಲಾಸ್ ಏಂಜಲೀಸ್ ನಗರದ ಸಿಲ್ವರ್ ಲೇಕ್ ಭಾಗದಲ್ಲಿ, ವೆಂಡೋಮ್ ಬೀದಿಯಿಂದ ಮೇಲೇರುವ ಆ ಮೆಟ್ಟಿಲ ಸಾಲು ಇಂದಿಗೂ ಇದೆ. ಅದರಲ್ಲಿ ೧೩೩ ಮೆಟ್ಟಿಲುಗಳಿವೆ. ಕ್ಯಾಮರಾ ಇವರ ಏರಿಕೆಯನ್ನು ದೂರದಿಂದ, ಹತ್ತಿರದಿಂದ ತಾಳ್ಮೆಯಿಂದ ನೋಡುತ್ತದೆ. ಆದಕಾರಣ ಅಂಚೆಯವನು ರಸ್ತೆಯ ವಿಷಯ ಹೇಳುವ ಹೊತ್ತಿಗೆ ಪ್ರೇಕ್ಷಕನ ಮೈಯಲ್ಲಿಯೂ ಆ ಮೆಟ್ಟಿಲುಗಳ ಆಯಾಸ ಸೇರಿರುತ್ತದೆ.

ಇದಕ್ಕೆ ವಾಕ್ಚಿತ್ರ ತಂದುಕೊಟ್ಟ ಕೊಡುಗೆ ಸದ್ದು. ಮೂಕಿಚಿತ್ರದಲ್ಲಿ ಮುಚ್ಚಿದ ಪೆಟ್ಟಿಗೆ ಬರಿಯ ಪೆಟ್ಟಿಗೆ. ಇಲ್ಲಿ ಅದು ಪ್ರತಿ ಮೆಟ್ಟಿಲಿಗೂ ತಗುಲಿದಾಗ ಒಳಗಿನ ತಂತಿಗಳು ಝಣಗುಟ್ಟುತ್ತವೆ. ಕಣ್ಣಿಗೆ ಕಾಣದ ಪಿಯಾನೊ ಕಿವಿಗೆ ತನ್ನ ನೋವನ್ನು ಹೇಳಿಕೊಳ್ಳುತ್ತದೆ. ಜಾರಿ ಇಳಿಯುವಾಗ ಆ ನಾದ ದೂರವಾಗುತ್ತ ಹೋಗುವುದರಿಂದಲೇ ಎಷ್ಟು ಮೆಟ್ಟಿಲು ವ್ಯರ್ಥವಾಯಿತೆಂಬುದು ತಿಳಿಯುತ್ತದೆ. ಈ ಸದ್ದಿಗೆ ಭಾಷಾಂತರ ಬೇಕಿಲ್ಲ. ಹೊಸ ಯಂತ್ರವು ಮಾತನ್ನು ದಾಖಲಿಸಲು ಬಂದಿದ್ದರೂ, ಮೌಖಿಕ ಕಥನದ ಒಂದು ಹಳೆಯ ಸಾಧನವಾದ ಧ್ವನಿ ಅನುಕರಣೆಯನ್ನು ಇಲ್ಲಿ ಮರಳಿ ತಂದಿತು ಎಂದು ಹೇಳಬಹುದು.

೭. ಪಾಠಾಂತರಗಳು

ಜನಪದ ಕಥೆಯಂತೆ ಈ ಚಿತ್ರಕ್ಕೂ ಪಾಠಾಂತರಗಳಿವೆ. ಇದೇ ಜೋಡಿ ೧೯೨೭ರಲ್ಲಿ, ಹಾಲ್ ಯೇಟ್ಸ್ ನಿರ್ದೇಶನದಲ್ಲಿ, ‘ಹ್ಯಾಟ್ಸ್ ಆಫ್’ ಎಂಬ ಮೂಕಿಚಿತ್ರವನ್ನು ಇದೇ ಮೆಟ್ಟಿಲುಗಳ ಮೇಲೆ ಮಾಡಿತ್ತು. ಅಲ್ಲಿಯ ಹೊರೆ ಪಿಯಾನೊ ಅಲ್ಲ, ಬಟ್ಟೆ ಒಗೆಯುವ ಯಂತ್ರ. ಮೇಲಿನಿಂದ ಹೆಂಗಸು ಕರೆದಳೆಂದು ಯಂತ್ರ ಮಾರುವ ಆಸೆಯಿಂದ ಅದನ್ನು ಹೊತ್ತುಹೋದರೆ, ಆಕೆಗೆ ಬೇಕಾಗಿದ್ದು ಒಂದು ಕಾಗದವನ್ನು ಅಂಚೆಗೆ ಹಾಕುವವರು ಮಾತ್ರ. ೧೯೪೧ರಲ್ಲಿ ‘ತ್ರೀ ಸ್ಟೂಜಸ್’ ತಂಡದ ಚಿತ್ರವೊಂದರಲ್ಲಿ ಅದೇ ಪ್ರದೇಶದ ಬೇರೊಂದು ಮೆಟ್ಟಿಲ ಸಾಲನ್ನು ಮಂಜುಗಡ್ಡೆ ಹೊತ್ತು ಏರುತ್ತಾರೆ. ಮೇಲೆ ತಲುಪುವಷ್ಟರಲ್ಲಿ ದೊಡ್ಡ ಗಡ್ಡೆ ಕರಗಿ ಚಿಕ್ಕ ತುಂಡಾಗಿರುತ್ತದೆ. ಇವುಗಳಲ್ಲಿ ಮೆಟ್ಟಿಲು, ಹೊರೆ, ವ್ಯರ್ಥಶ್ರಮ ಎಂಬ ಮೂರು ಅಂಶಗಳು ಸ್ಥಿರ. ಹೊರೆಯ ವಸ್ತು ಮತ್ತು ವ್ಯರ್ಥವಾಗುವ ಬಗೆ ಚರ. ಸ್ಥಿರ ಮತ್ತು ಚರ ಅಂಶಗಳ ಈ ಸಂಬಂಧ ಕಥಾವರ್ಗ ಅಧ್ಯಯನಕ್ಕೆ ಚಿರಪರಿಚಿತವಾದುದೇ.

‘ಹ್ಯಾಟ್ಸ್ ಆಫ್’ನ ಪ್ರತಿ ಈಗ ಎಲ್ಲಿಯೂ ದೊರೆಯುತ್ತಿಲ್ಲ. ಬಿಡಿ ಛಾಯಾಚಿತ್ರಗಳು ಮತ್ತು ಲಿಖಿತ ವಿವರಗಳಿಂದ ಮಾತ್ರ ಅದನ್ನು ಅರಿಯಬೇಕಾಗಿದೆ. ಅದರ ಕಥೆ ನಮಗೆ ಗೊತ್ತು, ಅದರ ನಡೆ ಗೊತ್ತಿಲ್ಲ. ಅಂದರೆ ಯಂತ್ರದಿಂದ ದಾಖಲಾದ ಚಿತ್ರವೂ ಕೊನೆಗೆ ಆಶಯ ಸೂಚಿಯ ಒಂದು ವಾಕ್ಯದ ಸ್ಥಿತಿಗೆ ಇಳಿಯಬಲ್ಲದು. ಮೌಖಿಕ ಕಥೆ ಅಳಿಯುತ್ತದೆ, ಯಾಂತ್ರಿಕ ದಾಖಲೆ ಉಳಿಯುತ್ತದೆ ಎಂಬ ನಂಬಿಕೆಯಿಂದ ಧ್ವನಿಸುರುಳಿಗಳನ್ನು ಕಪಾಟಿನಲ್ಲಿಟ್ಟು ನಿಶ್ಚಿಂತರಾಗಿರುವ ಸಂಸ್ಥೆಗಳು ಗಮನಿಸಬೇಕಾದ ಸಂಗತಿಯಿದು.

೮. ದಡ್ಡರ ಎದುರು ಪಂಡಿತ

ಪೆದ್ದರ ಕಥೆಗಳಲ್ಲಿ ನಗೆಗೆ ಗುರಿಯಾಗುವವರು ಪೆದ್ದರು ಮಾತ್ರವಲ್ಲ. ಪ್ರೊಫೆಸರನಿಗೆ ಪದವಿಗಳಿವೆ, ಆದರೆ ಪಕ್ಕಕ್ಕೆ ಸರಿದು ಹೋಗುವ ವಿವೇಕವಿಲ್ಲ. ಅವನು ಕೊಡಲಿಯಿಂದ ಕಡಿಯುತ್ತಿರುವಾಗ ಪಿಯಾನೊ ಇದ್ದಕ್ಕಿದ್ದಂತೆ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸುತ್ತದೆ. ಮೂವರೂ ನೆಟ್ಟಗೆ ನಿಂತು ಗೌರವ ಸಲ್ಲಿಸುತ್ತಾರೆ. ಗೀತೆ ಮುಗಿದೊಡನೆ ಕೊಡಲಿ ಮತ್ತೆ ಏಳುತ್ತದೆ. ಆ ಗೀತೆಗೆ ರಾಷ್ಟ್ರಗೀತೆಯ ಸ್ಥಾನ ಶಾಸನದ ಮೂಲಕ ದೊರೆತದ್ದು ೧೯೩೧ರ ಮಾರ್ಚಿನಲ್ಲಿ, ಎಂದರೆ ಚಿತ್ರಕ್ಕೆ ಒಂದು ವರ್ಷ ಮೊದಲು. ವಿಧಿಯನ್ನು ಚಾಚೂ ತಪ್ಪದೆ ಪಾಲಿಸಿ, ಆಮೇಲೆ ವಿನಾಶವನ್ನು ಮುಂದುವರಿಸುವ ಈ ಪಂಡಿತನಿಗೂ, ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿ ಪಿಯಾನೊ ಇಳಿಸುವ ಕೂಲಿಗಳಿಗೂ ಹೆಚ್ಚಿನ ಅಂತರವಿಲ್ಲ. ಒಂದು ವ್ಯತ್ಯಾಸವುಂಟು. ಕೂಲಿಗಳ ಪೆದ್ದತನದಿಂದ ಪಿಯಾನೊ ಜಖಂಗೊಂಡರೂ ನುಡಿಯಿತು. ಪಂಡಿತನ ಪೆದ್ದತನದಿಂದ ಅದು ನುಡಿಯದಾಯಿತು. ಹೆಂಡತಿಯ ಮಾತಿನಿಂದ ಅವನಿಗೆ ಬಂದ ಬುದ್ಧಿಯೂ ತಡವಾಗಿ ಬಂದ ಬುದ್ಧಿಯೇ.

೯. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ ‘ದ ಮ್ಯೂಸಿಕ್ ಬಾಕ್ಸ್’ ಹಳೆಯ ಪೆದ್ದರ ಕಥೆಯೊಂದರ ಸ್ವತಂತ್ರ ಪಾಠವಾಗಿ ನಿಲ್ಲುತ್ತದೆ. ಪೆದ್ದತನವೆಂದರೆ ಅರಿವಿನ ಅಭಾವವಲ್ಲ, ಅರಿವಿನ ಅಕಾಲ ಪ್ರಯೋಗ ಎಂಬುದನ್ನು ಅದು ಸೂಚಿಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಕಥೆಯ ಜೀವವು ಘಟನೆಯಲ್ಲಿರುವಷ್ಟೇ ಅದಕ್ಕೆ ತಗಲುವ ಕಾಲದಲ್ಲಿಯೂ ಹೊರೆಯಲ್ಲಿಯೂ ಸದ್ದಿನಲ್ಲಿಯೂ ಇರುತ್ತದೆ. ಆದುದರಿಂದ ಕಥೆಗಳನ್ನು ಸಂಗ್ರಹಿಸುವವರು ವಕ್ತೃವಿನ ಪುನರುಕ್ತಿಗಳನ್ನು, ಧ್ವನಿ ಅನುಕರಣೆಗಳನ್ನು, ನಿಲುಗಡೆಗಳನ್ನು ಅನಗತ್ಯವೆಂದು ಕೈಬಿಡದೆ ಇದ್ದಂತೆಯೇ ದಾಖಲಿಸುವುದು ಅವಶ್ಯ. ಈಗಾಗಲೇ ಧ್ವನಿಮುದ್ರಿಸಿದ ಸಾಮಗ್ರಿ ನಮ್ಮ ಗ್ರಂಥಾಲಯಗಳಲ್ಲಿ ಇರುವಲ್ಲಿ, ಅದು ಹಾಳಾಗುವ ಮುನ್ನ ಪ್ರತಿ ತೆಗೆದಿರಿಸುವುದೂ ಅಷ್ಟೇ ಅವಶ್ಯ. ಇವೆರಡೂ ಹೊಸ ಅರಿವೇನಲ್ಲ. ವಕ್ತೃಗಳು ನಮ್ಮ ನಡುವೆ ಇರುವಾಗಲೇ, ಸುರುಳಿಗಳು ಕೇಳುವಂತಿರುವಾಗಲೇ ಇವನ್ನು ಕಾರ್ಯರೂಪಕ್ಕೆ ತರಬೇಕಾಗಿದೆ.